‘ನಾಪತ್ತೆ’ ಸುದ್ದಿಯಲ್ಲಿ ಇಲ್ಲದ್ದು ಕಾದಂಬರಿಯಲ್ಲಿತ್ತು: ಹಳಿಯಾಳದಿಂದ ಹೊರಟ ಒಂದು ಚರಿತ್ರೆ

‘ವಯಸ್ಸು 16. ಎತ್ತರ ಐದು ಅಡಿ ಎರಡು ಇಂಚು. ಗೋಧಿ ಮೈಬಣ್ಣ, ದುಂಡು ಮುಖ. ಮನೆಯಿಂದ ಹೋಗುವಾಗ ನೀಲಿ ಟೀ ಶರ್ಟ್, ಕಪ್ಪು ಪ್ಯಾಂಟ್ ಧರಿಸಿದ್ದ. ಕನ್ನಡ, ಕೊಂಕಣಿ, ಮರಾಠಿ ಮಾತನಾಡುತ್ತಾನೆ. ಸುಳಿವು ಸಿಕ್ಕವರು ಠಾಣೆಗೆ ತಿಳಿಸಬೇಕು.’

ಇದು ಯಾರೊಬ್ಬರ ಪ್ರಕಟಣೆಯೂ ಅಲ್ಲ, ಬರೀ ನಮೂನೆ. ಆದರೆ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆ ಪತ್ರಿಕೆ ಓದುವ ಯಾರಿಗೂ ಈ ನಮೂನೆ ಹೊಸದಲ್ಲ. ಮೈಬಣ್ಣ ಬರುತ್ತದೆ, ಅಂಗಿಯ ಬಣ್ಣ ಬರುತ್ತದೆ. ಹುಡುಗ ಯಾಕೆ ಹೋದ ಅನ್ನುವುದು ಮಾತ್ರ ಬರುವುದಿಲ್ಲ. ಇದಕ್ಕಿಂತ ಕೆಟ್ಟ ಸುದ್ದಿಯಾದರೆ ಇನ್ನೊಂದು ಸಿದ್ಧ ಸಾಲು ಇದೆ: ‘ಜೀವನದಲ್ಲಿ ಜಿಗುಪ್ಸೆಗೊಂಡು’. ಹದಿನಾರು ವರ್ಷದ ಜೀವನದಲ್ಲಿ ಜಿಗುಪ್ಸೆ ಎಲ್ಲಿಂದ ಬಂತು ಎಂದು ಆ ಸಾಲು ಕೇಳುವುದಿಲ್ಲ.

ಸುದ್ದಿ ಬರೆಯುವವರ ಕೈ ಕಟ್ಟಿರುವುದೂ ನಿಜ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ, ಕಾನೂನಿನ ಸಂಘರ್ಷಕ್ಕೆ ಸಿಕ್ಕ ಅಥವಾ ರಕ್ಷಣೆ ಬೇಕಾದ ಮಗುವಿನ ಹೆಸರು, ವಿಳಾಸ, ಶಾಲೆ ಹೀಗೆ ಗುರುತು ಸಿಗುವ ಯಾವುದನ್ನೂ ಪ್ರಕಟಿಸುವಂತಿಲ್ಲ. ಆತ್ಮಹತ್ಯೆಯ ವರದಿಯನ್ನು ರೋಚಕ ಮಾಡಬಾರದು, ವಿಧಾನ ವಿವರಿಸಬಾರದು ಎಂದು ಭಾರತೀಯ ಪತ್ರಿಕಾ ಮಂಡಳಿ 2019ರಲ್ಲಿ ಸೂಚನೆ ಹೊರಡಿಸಿದೆ. ಎರಡೂ ಬೇಕಾದ ನಿಯಮಗಳೇ. ಸಣ್ಣ ಊರಿನಲ್ಲಿ ಓಣಿಯ ಹೆಸರು ಬರೆದರೂ ಸಾಕು, ಹುಡುಗಿ ಯಾರು ಎಂದು ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುತ್ತದೆ.

ಹಾಗಾದರೆ ಆ ಮಕ್ಕಳ ಒಳಗಿನ ಮಾತನ್ನು ಯಾರು ಹೇಳಬೇಕು? ಆ ಕೆಲಸವನ್ನು ಮಾಡಿಕೊಂಡು ಬಂದದ್ದು ಕಥೆ, ಕಾದಂಬರಿ. ಹೆಸರು ಬದಲಿಸಿ, ಊರು ಬದಲಿಸಿ, ಸತ್ಯವನ್ನು ಹಾಗೆಯೇ ಇಟ್ಟುಕೊಳ್ಳುವ ಸ್ವಾತಂತ್ರ್ಯ ಅದಕ್ಕಿದೆ. ಕನ್ನಡದಲ್ಲಿ ಈ ಬರವಣಿಗೆಯ ಚರಿತ್ರೆ ಹುಡುಕಿಕೊಂಡು ಹೋದರೆ ಅದರ ಒಂದು ಮುಖ್ಯ ದಾರಿ ನಮ್ಮ ಹಳಿಯಾಳದಿಂದಲೇ ಹೊರಡುತ್ತದೆ.

ಹಳಿಯಾಳದ ಶಾಂತಿನಾಥ ದೇಸಾಯಿ

ಶಾಂತಿನಾಥ ದೇಸಾಯಿ ಹುಟ್ಟಿದ್ದು 1929ರಲ್ಲಿ, ಹಳಿಯಾಳದಲ್ಲಿ. ಆಗ ನಮ್ಮ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ಅವರು ಇಂಗ್ಲಿಷ್ ಪ್ರಾಧ್ಯಾಪಕರಾದರು, ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ ಕಲಿಸಿದರು, ಮುಂದೆ ಕುವೆಂಪು ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು. 1998ರಲ್ಲಿ ತೀರಿಕೊಂಡರು. ‘ಓಂ ಣಮೋ’ ಕಾದಂಬರಿಗೆ 2000ದಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಅದನ್ನು ಪಡೆಯಲು ಅವರಿರಲಿಲ್ಲ.

ಅವರ ಮೊದಲ ಕಾದಂಬರಿ ‘ಮುಕ್ತಿ’ ಬಂದದ್ದು 1961ರಲ್ಲಿ. ಕನ್ನಡದ ನವ್ಯ ಕಾದಂಬರಿಗಳ ಚರ್ಚೆ ಶುರುವಾಗುವುದು ಸಾಮಾನ್ಯವಾಗಿ ಈ ಪುಸ್ತಕದಿಂದ. ಅದರ ನಾಯಕ ಗೌರೀಶ ಓದಿದ ಯುವಕ. ಅವನಿಗೆ ಹೊಟ್ಟೆಗೆ ಬಟ್ಟೆಗೆ ಕೊರತೆಯಿಲ್ಲ. ಅವನ ಕಷ್ಟ ಬೇರೆ: ತನ್ನ ಬದುಕು ತನ್ನದಲ್ಲ ಅನ್ನಿಸುವುದು. ಒಬ್ಬ ಗೆಳೆಯನ ಪ್ರಭಾವ ಅವನನ್ನು ಹಿಡಿದಿಟ್ಟಿದೆ, ಆ ಗೆಳೆಯನ ತಂಗಿಯ ಮೇಲಿನ ಮೋಹ ಇನ್ನೊಂದು ಕಡೆ ಹಿಡಿದಿಟ್ಟಿದೆ. ಇವೆರಡರಿಂದ ಬಿಡಿಸಿಕೊಂಡು ತಾನು ತಾನಾಗುವುದು ಹೇಗೆ ಎಂಬುದೇ ಕಾದಂಬರಿ.

ಇದರಲ್ಲಿ ಏನು ದೊಡ್ಡದು ಎಂದು ಕೇಳಬಹುದು. ಅಲ್ಲಿಯವರೆಗೆ ಕಾದಂಬರಿಯಲ್ಲಿ ಯುವಕನ ಕಷ್ಟ ಎಂದರೆ ಬಡತನ, ಜಾತಿ, ಸಾಲ, ಸ್ವಾತಂತ್ರ್ಯ ಹೋರಾಟ, ಇಲ್ಲವೇ ಮನೆಯವರು ಒಪ್ಪದ ಮದುವೆ. ಕಷ್ಟ ಹೊರಗಿರುತ್ತಿತ್ತು. ಹೊರಗೆ ಎಲ್ಲ ಸರಿಯಿದ್ದೂ ಒಳಗೆ ಸರಿಯಿಲ್ಲದ ಹುಡುಗನನ್ನು ನಾಯಕನನ್ನಾಗಿ ಮಾಡಿ, ಅವನ ತಲೆಯೊಳಗೇ ಕೂತು ಬರೆದದ್ದು ಆ ಕಾಲಕ್ಕೆ ಹೊಸದು. ‘ಎಲ್ಲಾ ಕೊಟ್ಟೇವಿ, ಇನ್ನೇನು ಕಡಿಮೆ ಆಗೇದ ಇವಗ?’ ಅನ್ನುವ ಅಪ್ಪಂದಿರ ಪ್ರಶ್ನೆಗೆ ಇಲ್ಲಿ ಉತ್ತರದ ಒಂದು ತುಣುಕು ಇತ್ತು.

ಹತ್ತು ವರ್ಷದ ನಂತರ, 1971ರಲ್ಲಿ, ದೇಸಾಯಿಯವರ ‘ವಿಕ್ಷೇಪ’ ಬಂತು. ಇದರ ಹುಡುಗ ನಮಗೆ ಇನ್ನೂ ಹತ್ತಿರದವನು. ಉತ್ತರ ಕರ್ನಾಟಕದ ಹಳ್ಳಿಯವನು. ಊರಿನ ಕಟ್ಟುಪಾಡಿನಿಂದ ಪಾರಾಗಲು ಮುಂಬಯಿಗೆ ಹೋಗಿ ಇಂಗ್ಲಿಷ್ ಓದುತ್ತಾನೆ. ಅಲ್ಲಿಗೂ ನಿಲ್ಲದೆ ಇಂಗ್ಲೆಂಡಿನ ಕಡೆ ಓಡುತ್ತಾನೆ. ಓಡಿದಷ್ಟೂ ಊರು ಅವನ ಬೆನ್ನಿಗೇ ಇರುತ್ತದೆ.

ಗಮನಿಸಿ: ಇಬ್ಬರ ಕಥೆಯೂ ಬಿಡಿಸಿಕೊಂಡು ಹೊರಡುವ ಕಥೆ. ಇದು ನಮ್ಮ ಜಿಲ್ಲೆಯ ಬರವಣಿಗೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಗೋಕರ್ಣದ ಜಯಂತ ಕಾಯ್ಕಿಣಿಯವರ ‘ಬಣ್ಣದ ಕಾಲು’ ಕಥೆಯಲ್ಲಿ ಊರಿಗೆ ಬೇಡವಾದ ತುಂಟ ಹುಡುಗನನ್ನು ಮುಂಬಯಿಗೆ ಸಾಗಹಾಕುತ್ತಾರೆ. ಹನೇಹಳ್ಳಿಯ ಯಶವಂತ ಚಿತ್ತಾಲರ ‘ಶಿಕಾರಿ’ಯ ನಾಗಪ್ಪ ಮುಂಬಯಿಯ ಕಂಪನಿಯಲ್ಲಿದ್ದರೂ ಅವನ ಭಯದ ಬೇರು ಬಾಲ್ಯದಲ್ಲಿದೆ. ಲೋಂಡಾದಲ್ಲೋ ಅಳ್ನಾವರದಲ್ಲೋ ರೈಲು ಹತ್ತಿದ ಹುಡುಗ ಎಲ್ಲಿಗೆ ಹೋದ ಎಂಬುದನ್ನು ಪೊಲೀಸರಿಗಿಂತ ಮೊದಲು ನಮ್ಮ ಕಥೆಗಾರರು ಹುಡುಕಿದ್ದರು.

ಹದಿನೈದರ ಹುಡುಗಿ ಬರೆದ ಕಾದಂಬರಿ

ಇದೇ ಹೊತ್ತಿಗೆ ಅಮೆರಿಕದಲ್ಲಿ ಇನ್ನೊಂದು ಸಂಗತಿ ನಡೆಯಿತು. ಅದನ್ನು ಹೇಳದೆ ಈ ಚರಿತ್ರೆ ಪೂರ್ತಿಯಾಗುವುದಿಲ್ಲ.

1951ರಲ್ಲಿ ಜೆ.ಡಿ. ಸಾಲಿಂಜರ್ ಬರೆದ ‘ದಿ ಕ್ಯಾಚರ್ ಇನ್ ದಿ ರೈ’ ಬಂತು. ಶಾಲೆಯಿಂದ ಹೊರಹಾಕಿಸಿಕೊಂಡ ಹದಿನಾರರ ಹುಡುಗ ಮನೆಗೆ ಹೋಗಲಾರದೆ ನ್ಯೂಯಾರ್ಕಿನಲ್ಲಿ ಅಲೆಯುವ ಕಥೆ. ಆದರೆ ಅದು ದೊಡ್ಡವರು ದೊಡ್ಡವರಿಗೆ ಬರೆದದ್ದು.

1967ರಲ್ಲಿ ಬಂದ ‘ದಿ ಔಟ್‌ಸೈಡರ್ಸ್’ ಹಾಗಲ್ಲ. ಒಕ್ಲಹೋಮಾದ ಟಲ್ಸಾ ಊರಿನ ಎಸ್.ಇ. ಹಿಂಟನ್ ಎಂಬ ಹುಡುಗಿ ಅದನ್ನು ಬರೆಯಲು ಶುರು ಮಾಡಿದಾಗ ಅವಳಿಗೆ ಹದಿನೈದು ವರ್ಷ. ಪ್ರಕಟವಾದಾಗ ಹದಿನೆಂಟು. ಬರೆದದ್ದು ಹುಡುಗಿ ಎಂದು ಗೊತ್ತಾದರೆ ಗಂಡಸರು ವಿಮರ್ಶೆಯಲ್ಲಿ ತಳ್ಳಿಹಾಕಬಹುದು ಎಂದು ಪ್ರಕಾಶಕರು ಬರೀ ಇನಿಷಿಯಲ್ ಹಾಕಿದರು. ತನ್ನ ಶಾಲೆಯಲ್ಲಿ ಬಡ ಹುಡುಗರ ಗುಂಪಿಗೂ ಶ್ರೀಮಂತ ಹುಡುಗರ ಗುಂಪಿಗೂ ನಡೆಯುತ್ತಿದ್ದ ಹೊಡೆದಾಟವನ್ನು ಆಕೆ ಕಣ್ಣಾರೆ ಕಂಡಿದ್ದಳು. ತನ್ನ ವಯಸ್ಸಿನವರ ನಿಜವಾದ ಬದುಕು ಯಾವ ಪುಸ್ತಕದಲ್ಲೂ ಇಲ್ಲವಲ್ಲ ಎಂದು ತಾನೇ ಬರೆದಳು.

ಅದರ ಕಥೆ ಹೇಳುವವನು ಪೋನಿಬಾಯ್, ಹದಿನಾಲ್ಕರ ಹುಡುಗ. ಅಪ್ಪ ಅಮ್ಮ ಅಪಘಾತದಲ್ಲಿ ಹೋಗಿದ್ದಾರೆ. ಅಣ್ಣ ಓದು ಬಿಟ್ಟು ದುಡಿದು ತಮ್ಮಂದಿರನ್ನು ಸಾಕುತ್ತಿದ್ದಾನೆ. ಹೊಡೆದಾಟದಲ್ಲಿ ಒಂದು ಕೊಲೆಯಾಗುತ್ತದೆ, ಹುಡುಗರು ಓಡಿಹೋಗುತ್ತಾರೆ. ಕೊನೆಗೆ ಇಂಗ್ಲಿಷ್ ಟೀಚರ್ ಒಂದು ಪ್ರಬಂಧ ಬರೆದುಕೊಂಡು ಬಾ ಎಂದಾಗ ಅವನು ನಡೆದದ್ದನ್ನೆಲ್ಲ ಬರೆಯಲು ಕೂರುತ್ತಾನೆ. ನಾವು ಓದಿದ ಇಡೀ ಪುಸ್ತಕ ಆ ಪ್ರಬಂಧವೇ.

ಇದರ ನಂತರ ಅಲ್ಲಿ ಹದಿಹರೆಯದವರಿಗೆಂದೇ ಒಂದು ಸಾಹಿತ್ಯ ಬೆಳೆಯಿತು. ಕುಡಿತ, ಹಿಂಸೆ, ಮುರಿದ ಮನೆ, ಒಲ್ಲದ ಬಸಿರು ಯಾವುದನ್ನೂ ಮುಚ್ಚಿಡದ ಸಾಹಿತ್ಯ. ಲೈಬ್ರರಿಗಳಲ್ಲಿ ಅದಕ್ಕೆ ಬೇರೆಯೇ ಕಪಾಟು ಬಂತು. ಕ್ಯಾಲಿಫೋರ್ನಿಯಾದ ಒಂದು ಶಾಲೆಯ ಲೈಬ್ರರಿಯನ್ ಮತ್ತು ಮಕ್ಕಳು ಸೇರಿ ನಿರ್ದೇಶಕ ಫ್ರಾನ್ಸಿಸ್ ಫೋರ್ಡ್ ಕೊಪೊಲಾ ಅವರಿಗೆ ಈ ಪುಸ್ತಕ ಕಳಿಸಿ, ಸಿನಿಮಾ ಮಾಡಿ ಎಂದು ಪತ್ರ ಬರೆದರು. 1983ರಲ್ಲಿ ಸಿನಿಮಾ ಬಂದೇ ಬಂತು.

ನಮ್ಮ ರಾಮಾಚಾರಿ

ಕನ್ನಡದಲ್ಲಿ ಅಂಥ ಕಪಾಟು ಬರಲಿಲ್ಲ. ಹುಡುಗರು ಮಾತ್ರ ಬಂದರು, ದೊಡ್ಡವರ ಕಪಾಟಿನೊಳಗೆ.

ಎಲ್ಲರಿಗಿಂತ ಮೊದಲು ನೆನಪಾಗುವವನು ರಾಮಾಚಾರಿ. ತ.ರಾ. ಸುಬ್ಬರಾಯರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ಮಾಡಿದ ಸಿನಿಮಾವನ್ನು ನಮ್ಮ ಕಡೆ ನೋಡದವರಿಲ್ಲ. ವಿಷ್ಣುವರ್ಧನ್ ನಾಯಕರಾದದ್ದು ಅದರಿಂದಲೇ.

ಹಾಡು, ಕೋಟೆ, ಬಂಡೆ ಎಲ್ಲ ಸರಿಸಿ ಕಥೆ ಮಾತ್ರ ನೋಡಿ. ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗ. ಕಾಲೇಜಿನಲ್ಲಿ ಅವಮಾನವಾಗುತ್ತದೆ. ಅವನು ಪ್ರಿನ್ಸಿಪಾಲರನ್ನು ರಾತ್ರಿ ಕಂಬಕ್ಕೆ ಕಟ್ಟಿ ಸೇಡು ತೀರಿಸಿಕೊಳ್ಳುತ್ತಾನೆ. ಅಪ್ಪನಿಗೆ ಅವನು ಬೇಡ, ಊರಿಗೂ ಬೇಡ. ಅವನ ಸಿಟ್ಟಿನ ಹಿಂದೆ ಒಬ್ಬ ಒಳ್ಳೆಯ ಹುಡುಗ ಇದ್ದಾನೆ ಎಂದು ನಂಬಿದವರು ಒಬ್ಬರೇ, ಚಾಮಯ್ಯ ಮೇಷ್ಟ್ರು. ಆದರೆ ಆ ಮೇಷ್ಟ್ರೇ ಜಾತಿಯ ಲೆಕ್ಕ ಮುಂದಿಟ್ಟು ಅವನ ಮೊದಲ ಪ್ರೀತಿಯನ್ನು ಬಿಡಿಸುತ್ತಾರೆ. ಎರಡನೆಯದನ್ನೂ ಒಪ್ಪುವುದಿಲ್ಲ. ಮೂವರೂ ಉಳಿಯುವುದಿಲ್ಲ.

ರಾಮಾಚಾರಿಯ ಕಥೆ ಇವತ್ತಿಗೂ ಹಿಡಿದಿಡುವುದು ಇದಕ್ಕೇ. ಹುಡುಗನನ್ನು ಪ್ರೀತಿಸಿದವರೇ ಅವನ ಮಾತು ಕೇಳಲಿಲ್ಲ. ಮೇಷ್ಟ್ರು ಕೆಟ್ಟವರಲ್ಲ. ಅವರಿಗೆ ಹುಡುಗ ಬೇಕಿತ್ತು, ಹುಡುಗನ ಆಯ್ಕೆ ಬೇಕಿರಲಿಲ್ಲ. ನಾಲ್ಕು ತಾಲೂಕಿನ ಎಷ್ಟು ಮನೆಗಳಲ್ಲಿ ಇದೇ ನಡೆದಿಲ್ಲ?

ರಾಮಾಚಾರಿಯ ಹಿಂದೆ ಮುಂದೆ ಇನ್ನೂ ಕೆಲವರಿದ್ದಾರೆ. ಮೈಸೂರಿನ ಆರ್.ಕೆ. ನಾರಾಯಣ್ 1935ರಲ್ಲೇ ಇಂಗ್ಲಿಷಿನಲ್ಲಿ ಬರೆದ ಸ್ವಾಮಿ, ಹೆಡ್‌ಮಾಸ್ತರರಿಗೆ ಹೆದರಿ ಶಾಲೆಯಿಂದ ಓಡಿ, ಮನೆಗೆ ಹೋಗಲು ಹೆದರಿ ಕಾಡಿನಲ್ಲಿ ದಾರಿ ತಪ್ಪುತ್ತಾನೆ. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ನಿಂದ ಅವನು ನಮ್ಮ ಮನೆ ಹುಡುಗನಾದ. ಯು.ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ದಲ್ಲಿ ಬಸಿರಾದ ಎಳೆಯ ವಿಧವೆ ಯಮುನಕ್ಕನನ್ನು ಬದುಕಿದ್ದಾಗಲೇ ಶ್ರಾದ್ಧ ಮಾಡಿ ಹೊರಹಾಕುವುದನ್ನು ಪಾಠಶಾಲೆಯ ಪುಟ್ಟ ಹುಡುಗ ನೋಡುತ್ತಾನೆ. ಗಿರೀಶ ಕಾಸರವಳ್ಳಿ ಅದನ್ನು 1977ರಲ್ಲಿ ಸಿನಿಮಾ ಮಾಡಿ ಸ್ವರ್ಣಕಮಲ ತಂದರು. ದೇವನೂರ ಮಹಾದೇವರ ‘ಅಮಾಸ’ದಲ್ಲಿ ತಬ್ಬಲಿ ಹುಡುಗನೊಬ್ಬ ಮಾರಿಗುಡಿಯಲ್ಲಿ ಬೆಳೆಯುತ್ತಾನೆ. ಕುಂ. ವೀರಭದ್ರಪ್ಪನವರ ಕೊಟ್ರೇಶಿ ಓದಬೇಕೆಂದು ಹಂಬಲಿಸುವ ದಲಿತ ಹುಡುಗ. 1994ರ ‘ಕೊಟ್ರೇಶಿ ಕನಸು’ ಸಿನಿಮಾದಲ್ಲಿ ಆ ಪಾತ್ರ ಮಾಡಿದ ವಿಜಯ್ ರಾಘವೇಂದ್ರರಿಗೆ ಬಾಲನಟ ರಾಷ್ಟ್ರಪ್ರಶಸ್ತಿ ಬಂತು.

ಇವರೆಲ್ಲ ಕನ್ನಡದ ದೊಡ್ಡ ಪಾತ್ರಗಳು. ಆದರೆ ಹದಿನಾಲ್ಕರಿಂದ ಹದಿನೆಂಟರ ಹುಡುಗ ಹುಡುಗಿಯರ ಕೈಗೆ ‘ಇದು ನಿನ್ನ ಪುಸ್ತಕ’ ಎಂದು ಇವುಗಳನ್ನು ಯಾರೂ ಕೊಡಲಿಲ್ಲ. ನಮ್ಮಲ್ಲಿ ಮಕ್ಕಳ ಸಾಹಿತ್ಯ ಏಳನೇ ಇಯತ್ತೆಗೆ ಮುಗಿಯುತ್ತದೆ. ಮುಂದಿನದು ಎಂ.ಎ. ಸಿಲೆಬಸ್ಸಿನಲ್ಲಿ ಸಿಗುತ್ತದೆ. ನಡುವಿನ ಹತ್ತು ವರ್ಷ, ಅಂದರೆ ಪುಸ್ತಕ ಎಲ್ಲಕ್ಕಿಂತ ಹೆಚ್ಚು ಬೇಕಾದ ವರ್ಷಗಳು, ಖಾಲಿ.

ನಾಲ್ಕು ತಾಲೂಕು, ಬರೆಯಲು ಕಾದಿರುವ ಕಥೆಗಳು

ಈ ಖಾಲಿ ಜಾಗದಲ್ಲಿ ನಮ್ಮ ನಾಲ್ಕು ತಾಲೂಕನ್ನು ಇಟ್ಟು ನೋಡೋಣ.

ಜೋಯಿಡಾ. ಕಾಳಿಗೆ ಅಡ್ಡಲಾಗಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಬಂತು, ಹಳೇ ಸೂಪಾ ಪೇಟೆ ನೀರಿನಡಿ ಹೋಯಿತು, ತಾಲೂಕು ಕೇಂದ್ರ ಜೋಯಿಡಾಕ್ಕೆ ಬಂತು, ಜನ ರಾಮನಗರದಂಥ ಕಡೆ ನೆಲೆ ಹುಡುಕಿದರು. ಶರಾವತಿಯ ಮುಳುಗಡೆಯನ್ನು ಸಾಗರದ ನಾ. ಡಿಸೋಜಾ ಜೀವಮಾನವಿಡೀ ಬರೆದರು. ಅವರ ಮಕ್ಕಳ ಕಾದಂಬರಿ ‘ಮುಳುಗಡೆಯ ಊರಿಗೆ ಬಂದವರು’ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಪಡೆಯಿತು. ತನ್ನ ಶಾಲೆ ಮುಳುಗಿದ್ದನ್ನು ಕಂಡ ಸೂಪಾದ ಹುಡುಗಿ ಇನ್ನೂ ತನ್ನ ಡಿಸೋಜಾಗೆ ಕಾಯುತ್ತಿದ್ದಾಳೆ.

ಅದೇ ತಾಲೂಕಿನ ಇವತ್ತಿನ ಕಥೆ ಬೇಕೆ? ಹುಲಿ ಯೋಜನೆಯ ಕಾಡಿನಿಂದ ಸ್ವಇಚ್ಛೆಯಿಂದ ಹೊರಬರುವ ಕುಟುಂಬಕ್ಕೆ ಪ್ಯಾಕೇಜ್ ಇದೆ. ಮೊದಲು 10 ಲಕ್ಷ ರೂಪಾಯಿ ಇತ್ತು, 2021ರಲ್ಲಿ 15 ಲಕ್ಷವಾಯಿತು. ನಿಯಮದಲ್ಲಿ 18 ತುಂಬಿದ ಮಗ ಮದುವೆಯಾಗದಿದ್ದರೂ ಪ್ರತ್ಯೇಕ ಕುಟುಂಬ. ಹದಿನೇಳರ ತಮ್ಮ ಅಪ್ಪನ ಲೆಕ್ಕದಲ್ಲಿ, ಹತ್ತೊಂಬತ್ತರ ಅಣ್ಣ ತಾನೇ ಒಂದು ಕುಟುಂಬ. ಒಂದೇ ಒಲೆಯ ಇಬ್ಬರು ಅಣ್ಣತಮ್ಮಂದಿರ ನಡುವೆ ಈ ಒಂದು ಸಾಲು ಏನು ಮಾಡಬಹುದು ಎಂಬುದು ಕಡತದಲ್ಲಿ ಸಿಗುವುದಿಲ್ಲ.

ಹಳಿಯಾಳ. ಇಲ್ಲಿಯ ಮತ್ತು ಯಲ್ಲಾಪುರ, ಮುಂಡಗೋಡದ ಸಿದ್ದಿ ಮಕ್ಕಳನ್ನು 1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಆಯ್ದುಕೊಂಡು ತರಬೇತಿಗೆ ಕರೆದೊಯ್ದಿತು. ಆಫ್ರಿಕಾ ಮೂಲದವರು, ಓಟದಲ್ಲಿ ಪದಕ ತರುತ್ತಾರೆ ಎಂಬ ಲೆಕ್ಕಾಚಾರ. ಕೆಲವರು ಗೆದ್ದರು, ಕೆಲವರಿಗೆ ಕ್ರೀಡಾ ಕೋಟಾದಲ್ಲಿ ನೌಕರಿಯೂ ಸಿಕ್ಕಿತು. 1990ರ ದಶಕದ ಆರಂಭದಲ್ಲಿ ಯೋಜನೆ ನಿಂತಿತು. ಹಾಸ್ಟೆಲ್ಲಿನಿಂದ ಟ್ರಂಕ್ ಹಿಡಿದು ಕಾಡಿನ ಊರಿಗೆ ವಾಪಸ್ ಬಂದ ಹುಡುಗನ ಮನಸ್ಸು ಯಾವ ಪದಕಪಟ್ಟಿಯಲ್ಲೂ ಇಲ್ಲ. ಯಲ್ಲಾಪುರದ ಮಂಚೀಕೇರಿಯಲ್ಲಿ ಸಿದ್ದಿ ಕಲಾವಿದರು ನೀನಾಸಂನ ಚಿದಂಬರರಾವ್ ಜಂಬೆಯವರೊಂದಿಗೆ ನೈಜೀರಿಯಾದ ಚಿನುವಾ ಅಚಿಬೆಯವರ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿಯನ್ನು ಕನ್ನಡದಲ್ಲಿ ನಾಟಕವಾಗಿ ಆಡಿದ್ದರು. ಆ ಕಾದಂಬರಿಯಲ್ಲೂ ಅಪ್ಪನ ಗಟ್ಟಿತನಕ್ಕೆ ಹೆದರಿ ಮನೆ ಬಿಡುವ ಒಬ್ಬ ಮಗನಿದ್ದಾನೆ, ನ್ವೊಯೆ. ಎಲ್ಲಿಯ ನೈಜೀರಿಯಾ, ಎಲ್ಲಿಯ ಮಂಚೀಕೇರಿ! ಆದರೂ ಮನೆಯ ಮಾತು ಒಂದೇ.

ದಾಂಡೇಲಿ. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಸುತ್ತ ಬೆಳೆದ ಊರು. ನಾಲ್ಕೈದು ಭಾಷೆ, ಹತ್ತಾರು ಕಡೆಯ ಜನ. ಅಪ್ಪ ಗಿರಣಿಯ ಸೈರನ್ನಿಗೆ ಎದ್ದವರು. ಮಗ ರಾಫ್ಟಿಂಗ್ ದೋಣಿಯಲ್ಲೋ ರೆಸಾರ್ಟಿನಲ್ಲೋ ಸೀಸನ್ ಕೆಲಸ ಹುಡುಕುತ್ತಾನೆ. ವಾರಾಂತ್ಯದಲ್ಲಿ ತನ್ನದೇ ವಯಸ್ಸಿನ ಬೆಂಗಳೂರಿನ ಹುಡುಗರಿಗೆ ಲೈಫ್ ಜಾಕೆಟ್ ತೊಡಿಸಿ, ಸೋಮವಾರ ಮತ್ತೆ ಖಾಲಿ.

ಮುಂಡಗೋಡ. 1966ರಿಂದ ಇಲ್ಲಿ ಟಿಬೆಟಿಯನ್ ಕ್ಯಾಂಪ್ ಇದೆ. ಗಾಡೆನ್, ಡ್ರೆಪುಂಗ್ ಮಠಗಳಿವೆ. ಇಲ್ಲೇ ಹುಟ್ಟಿದ ಮೂರನೇ ತಲೆಮಾರಿನ ಹುಡುಗಿಗೆ ಅಜ್ಜಿ ಹೇಳುವ ಊರು ಟಿಬೆಟ್, ಅಣ್ಣ ಹೋಗಬೇಕೆನ್ನುವ ಊರು ವಿದೇಶ, ಅವಳು ಕಂಡ ಊರು ಮುಂಡಗೋಡ. ಪಕ್ಕದ ಗೌಳಿ ದಡ್ಡಿಯ ಹುಡುಗಿಗೆ ಎಮ್ಮೆ ಬಿಟ್ಟು ಹೈಸ್ಕೂಲಿಗೆ ಹೋಗುವುದೇ ವಿದೇಶ ಪ್ರಯಾಣ. ಇಬ್ಬರೂ ಸೋಮವಾರದ ಸಂತೆಯಲ್ಲಿ ಎದುರುಬದುರಾದರೆ ಏನು ಮಾತಾಡಿಯಾರು?

ಇಷ್ಟೆಲ್ಲ ಇದ್ದೂ ಈ ಮಕ್ಕಳಿಗೆ ನಾವು ಕೊಟ್ಟ ಹೆಸರು ಒಂದೇ: ‘ದಾರಿ ತಪ್ಪಿದವರು’. ದಾರಿ ಎಲ್ಲಿತ್ತು ಎಂದು ಮಾತ್ರ ತೋರಿಸಿಲ್ಲ.

ಈಚೆಗೆ ತೆರೆದ ಬಾಗಿಲು

ಒಳ್ಳೆಯ ಸುದ್ದಿಯೂ ಇದೆ. ಕಳೆದ ಕೆಲವು ವರ್ಷಗಳಲ್ಲಿ ಕನ್ನಡದಲ್ಲಿ ದೊಡ್ಡ ಮಕ್ಕಳಿಗಾಗಿ ಕಾದಂಬರಿಗಳು ಬರುತ್ತಿವೆ. ಬಾಲ ಸಾಹಿತ್ಯ ಪುರಸ್ಕಾರದ ಪಟ್ಟಿ ನೋಡಿದರೆ ಸಾಕು. 2021ರಲ್ಲಿ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’. 2022ರಲ್ಲಿ ನಮ್ಮದೇ ಜಿಲ್ಲೆಯ ಸಿದ್ದಾಪುರದ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’. 2023ರಲ್ಲಿ ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’. ಮೂರೂ ಕಾದಂಬರಿಗಳೇ.

ದೊಡ್ಡವರ ಸಾಹಿತ್ಯದಲ್ಲಿ ವಸುಧೇಂದ್ರರ ‘ಮೋಹನಸ್ವಾಮಿ’ 2013ರಲ್ಲಿ ಬಂತು. ಗಂಡಸರನ್ನು ಪ್ರೀತಿಸುವ, ಅದಕ್ಕಾಗಿ ಚಿಕ್ಕಂದಿನಿಂದ ಗೇಲಿಗೆ ಗುರಿಯಾದವನ ಕಥೆಗಳು. ಓದಿ ‘ನಾನೊಬ್ಬನೇ ಅಲ್ಲ’ ಎಂದುಕೊಂಡ ಹುಡುಗರು ಹಳ್ಳಿಗಳಲ್ಲೂ ಇರುತ್ತಾರೆ. ಸಿನಿಮಾದಲ್ಲಿ ಪೃಥ್ವಿ ಕೊಣನೂರು ‘ರೈಲ್ವೆ ಚಿಲ್ಡ್ರನ್’ ಮಾಡಿದರು, ಮನೆ ಬಿಟ್ಟು ಸ್ಟೇಷನ್ನಿನಲ್ಲಿ ಬದುಕುವ ಹುಡುಗರ ಕಥೆ. ಅದರ ಬಾಲನಟ ಮನೋಹರನಿಗೂ ರಾಷ್ಟ್ರಪ್ರಶಸ್ತಿ ಬಂತು.

ಪುಸ್ತಕ ಓದಿದ ಕೂಡಲೇ ಹುಡುಗನ ಕಷ್ಟ ಮುಗಿಯುತ್ತದೆ ಎಂದು ನಾವು ಹೇಳುತ್ತಿಲ್ಲ. ಮನಸ್ಸು ತೀರಾ ಕುಗ್ಗಿದವರು ಟೆಲಿ-ಮಾನಸ್ 14416ಕ್ಕೆ ಕರೆ ಮಾಡಬಹುದು, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098. ಈ ಎರಡು ನಂಬರನ್ನು ಮೊಬೈಲಿನಲ್ಲಿ ಸೇವ್ ಮಾಡಿಟ್ಟುಕೊಳ್ಳಿ. ಆದರೆ ಫೋನ್ ಮಾಡಿ ‘ನನಗೆ ಹೀಗಾಗುತ್ತಿದೆ’ ಎನ್ನಲು ಮೊದಲು ‘ಹೀಗೆ’ ಅನ್ನುವುದಕ್ಕೆ ಮಾತು ಬೇಕು. ಆ ಮಾತು ಕಲಿಸುವುದು ಕಥೆ. ನಮ್ಮ ಪ್ರಕಾರ ಕಾದಂಬರಿಯ ಉಪಯೋಗ ಇಷ್ಟೇ, ಮತ್ತು ಇದು ಸಣ್ಣದಲ್ಲ.

ನಿಮ್ಮ ಗ್ರಾಮ ಪಂಚಾಯಿತಿಯ ಲೈಬ್ರರಿ, ಈಗ ಅರಿವು ಕೇಂದ್ರ, ಇದಕ್ಕೆ ಸರಿಯಾದ ಜಾಗ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳ ಪಕ್ಕ ಒಂದೇ ಒಂದು ಸಾಲು ಬೇರೆ ಮಾಡಿಸಿ. ಅದರಲ್ಲಿ ‘ಓಡಿ ಹೋದ ಹುಡುಗ’ ಇರಲಿ, ‘ನಾಗರಹಾವು’ ಇರಲಿ, ‘ಮುಕ್ತಿ’, ‘ವಿಕ್ಷೇಪ’ ಇರಲಿ. ಹಳಿಯಾಳದ ಲೇಖಕನ ಪುಸ್ತಕ ಹಳಿಯಾಳ ತಾಲೂಕಿನ ಹಳ್ಳಿಯಲ್ಲಿ ಕೇಳಿದರೆ ಸಿಗಬೇಕಲ್ಲವೇ? ಪಂಚಾಯಿತಿಯ ಸಭೆಯಲ್ಲಿ ಕೇಳುವುದಕ್ಕೆ ಖರ್ಚಿಲ್ಲ.

ಇನ್ನೊಂದು ಮಾತು, ಇದನ್ನು ಮೊಬೈಲಿನಲ್ಲಿ ಓದುತ್ತಿರುವ ಹದಿನೈದರ ತಮ್ಮ ತಂಗಿಯರಿಗೆ. ಟಲ್ಸಾದ ಹುಡುಗಿ ದೊಡ್ಡವಳಾಗುವವರೆಗೆ ಕಾಯಲಿಲ್ಲ. ನಿಮ್ಮ ನೋಟ್‌ಬುಕ್ಕಿನ ಹಿಂದಿನ ಹಾಳೆಗಳು ಖಾಲಿ ಇರುತ್ತವೆ. ಗಟ್ಟಿ ಕನ್ನಡ ಬರಬೇಕೆಂದಿಲ್ಲ. ಮನೆಯಲ್ಲಿ ಸಿದ್ದಿ ಕೊಂಕಣಿ, ಓಣಿಯಲ್ಲಿ ಮರಾಠಿ, ಸಾಲಿಯಲ್ಲಿ ಕನ್ನಡ ಆಡುವವರು ಹಾಗೆಯೇ ಬೆರೆಸಿ ಬರೆಯಿರಿ. ಹೆಸರು ಬದಲಿಸಿ, ಊರು ಬದಲಿಸಿ. ನಡೆದದ್ದನ್ನು ಮಾತ್ರ ಬದಲಿಸಬೇಡಿ.